ಮನೆಯ ಬ್ರೆಡ್ಡಿಗೆ ತಕ್ಕ ಬುಟ್ಟಿ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಮನೆಯಲ್ಲಿಯೇ ಬ್ರೆಡ್ಡು ಮಾಡುತ್ತಾರೆ. ಅದನ್ನು ನೆರೆಹೊರೆಯವರಿಗೆ ಮಾರಿ ಸಂಸಾರದ ಖರ್ಚಿಗೆ ನೆರವಾಗುತ್ತಿರುವವರೂ ಉಂಟು. ಕಣಕವನ್ನು ಉಬ್ಬಲು ಇಡುವ ಬೆತ್ತದ ಬುಟ್ಟಿಯನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕೇ ಎಂದು ಇಂಥವರು ನಮ್ಮನ್ನು ಕೇಳುತ್ತಾರೆ. ಒಂದು ಬ್ರೆಡ್ಡು ಕೆಟ್ಟರೆ ಹಿಟ್ಟು, ಉರುವಲು, ಅರ್ಧ ದಿನದ ದುಡಿಮೆ ಮೂರೂ ನಷ್ಟವಾಗುವುದಾದ್ದರಿಂದ ಈ ಪ್ರಶ್ನೆಗೆ ವಿವರವಾಗಿಯೇ ಉತ್ತರ ಕೊಡುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಬುಟ್ಟಿಯ ಕೆಲಸವೇನೆಂಬುದನ್ನು ತಿಳಿಯಬೇಕು. ಗೋದಿಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಗ್ಲುಟೆನ್ ಎಂಬ ಅಂಟುಪದಾರ್ಥವು ಉಂಟಾಗಿ ಬಲೆಯಂತೆ ಹಬ್ಬುತ್ತದೆ. ಯೀಸ್ಟಿನಿಂದ ಹುಟ್ಟುವ ಅನಿಲವು ಆ ಬಲೆಯಲ್ಲಿ ಸಿಕ್ಕಿಕೊಂಡು ಕಣಕವು ಉಬ್ಬುತ್ತದೆ. ಆದರೆ ನೀರು ಹೆಚ್ಚಾಗಿರುವ ಮೆತ್ತನೆಯ ಕಣಕವನ್ನು ಬರಿಯ ಹಲಗೆಯ ಮೇಲಿಟ್ಟರೆ ಅದು ಮೇಲಕ್ಕೇರದೆ ಪಕ್ಕಗಳಿಗೆ ಹರಡಿಹೋಗುತ್ತದೆ. ಬುಟ್ಟಿಯ ಗೋಡೆಯು ಈ ಹರಡುವಿಕೆಯನ್ನು ತಡೆಯುತ್ತದೆ. ಇದಲ್ಲದೆ ಬೆತ್ತವು ಕಣಕದ ಮೇಲ್ಮೈಯ ತೇವವನ್ನು ಕೊಂಚ ಹೀರುವುದರಿಂದ ತೆಳುವಾದ ಪೊರೆ ಕಟ್ಟಿ, ಕಣಕವನ್ನು ಕವುಚಿ ತೆಗೆಯಲೂ ಅಲಗಿನಿಂದ ಗೀರಲೂ ಸುಲಭವಾಗುತ್ತದೆ. ಕಣಕವನ್ನು ಉಬ್ಬಿಸುವ ಶಕ್ತಿಯಾದರೋ ಬುಟ್ಟಿಗಿಲ್ಲ. ಸರಿಯಾಗಿ ನಾದದ ಕಣಕವನ್ನು ಯಾವ ಬುಟ್ಟಿಯೂ ಉದ್ಧಾರ ಮಾಡಲಾರದು. ತಗಡಿನ ಅಚ್ಚಿನಲ್ಲಿ ಸುಡುವವರಿಗೆ ಅಚ್ಚೇ ಗೋಡೆಯಾಗಿರುವುದರಿಂದ ಬುಟ್ಟಿಯ ಅವಶ್ಯಕತೆಯೇ ಇಲ್ಲ.

ಈ ಬುಟ್ಟಿಗಳು ಯೂರೋಪಿನ ಬೇಕರಿಗಳಿಂದ ಬಂದವು. ಫ್ರಾನ್ಸಿನಲ್ಲಿ ನಾರುಬಟ್ಟೆಯ ಒಳಹೊದಿಕೆಯುಳ್ಳ ಹೆಣೆದ ಬುಟ್ಟಿಗಳೂ, ಜರ್ಮನಿಯಲ್ಲಿ ಬೆತ್ತವನ್ನು ಸುರುಳಿಯಾಗಿ ಸುತ್ತಿದ ಬುಟ್ಟಿಗಳೂ ಮರದ ತಿರುಳಿನಿಂದ ಒತ್ತಿದ ಬುಟ್ಟಿಗಳೂ ಬಳಕೆಯಲ್ಲಿವೆ. ಪ್ಲಾಸ್ಟಿಕ್ಕಿನವು ತೊಳೆಯಲು ಸುಲಭವಾದರೂ ತೇವವನ್ನು ಹೀರುವುದಿಲ್ಲ.

ಆರಿಸುವಾಗ ಅಂದಕ್ಕಿಂತ ಅಳತೆಯನ್ನು ನೋಡತಕ್ಕದ್ದು. 500 ಗ್ರಾಂ ಹಿಟ್ಟಿಗೆ 325 ಗ್ರಾಂ ನೀರು, 10 ಗ್ರಾಂ ಉಪ್ಪು ಬೆರೆಸಿದರೆ ಸುಮಾರು 840 ಗ್ರಾಂ ಕಣಕವಾಗುತ್ತದೆ. ಇದಕ್ಕೆ 9 ಅಂಗುಲ ಅಗಲದ ದುಂಡುಬುಟ್ಟಿ ಸಾಕು. 300 ಗ್ರಾಂ ಹಿಟ್ಟಿನ ಕಣಕಕ್ಕೆ 7 ಅಂಗುಲದ್ದು ಹಿಡಿಸುತ್ತದೆ. ಕಣಕವನ್ನು ಇಟ್ಟಾಗ ಬುಟ್ಟಿಯು ಅರ್ಧಕ್ಕಿಂತ ತುಸು ಹೆಚ್ಚು ತುಂಬಿರಬೇಕು. ಬುಟ್ಟಿ ತೀರ ದೊಡ್ಡದಾದರೆ ಕಣಕವು ಒಳಗೇ ಹರಡುತ್ತದೆ. ಚಿಕ್ಕದಾದರೆ ಅಂಚನ್ನು ಮೀರಿ ಚೆಲ್ಲುತ್ತದೆ. ಬಣ್ಣ ಅಥವಾ ವಾರ್ನಿಷ್ ಬಳಿದ ಬುಟ್ಟಿಯನ್ನು ಕೊಳ್ಳಲಾಗದು.

ಹಣ ವೆಚ್ಚಮಾಡಲು ಇಷ್ಟವಿಲ್ಲದವರು ಅನ್ನ ಬಸಿಯುವ ತೂತಿನ ಪಾತ್ರೆಗೆ ದಪ್ಪ ಹತ್ತಿಬಟ್ಟೆಯನ್ನು ಹಾಸಿ ಬಳಸಬಹುದು. ಸಂತೆಯಲ್ಲಿ ಸಿಗುವ ಹೊಸ ಬಿದಿರುಬುಟ್ಟಿಯೂ ಆಗುತ್ತದೆ. ಆದರೆ ಸಿಬಿರುಗಳು ಕಣಕಕ್ಕೆ ಸೇರದಂತೆ ಬಟ್ಟೆಯನ್ನು ತಪ್ಪದೆ ಹಾಸಬೇಕು. ಸಗಣಿ ಸಾರಿಸಿದ ಬುಟ್ಟಿ ಈ ಕೆಲಸಕ್ಕೆ ಸರ್ವಥಾ ಸಲ್ಲದು.

ಇನ್ನು ಬಳಸುವ ಕ್ರಮ. ಹೊಸ ಬೆತ್ತದ ಬುಟ್ಟಿಗೆ ನೀರನ್ನು ಹನಿಹನಿಯಾಗಿ ಚಿಮುಕಿಸಿ, ಅಕ್ಕಿಹಿಟ್ಟನ್ನು ಉದುರಿಸಿ ಸಂದುಗಳಿಗೆಲ್ಲ ಉಜ್ಜಿ ಒಣಗಿಸಬೇಕು. ಆ ಮೇಲೆ ಪ್ರತಿ ಸಾರಿಯೂ ಒಣ ಅಕ್ಕಿಹಿಟ್ಟು ಉದುರಿಸಿದರೆ ಸಾಕು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಅದು ತೇವ ತಗಲಿದರೂ ಗೋದಿಹಿಟ್ಟಿನಂತೆ ಅಂಟಾಗುವುದಿಲ್ಲ. ಉಂಡೆಮಾಡಿದ ಕಣಕವನ್ನು ನಯವಾದ ಮುಖ ಕೆಳಗೂ ಮಡಿಕೆಯ ಮುಖ ಮೇಲೂ ಬರುವಂತೆ ಇಟ್ಟು ಬಟ್ಟೆ ಮುಚ್ಚಬೇಕು. ನಮ್ಮ ಸೀಮೆಯ ಬೇಸಿಗೆಯ ಸೆಕೆಯಲ್ಲಿ ಯೀಸ್ಟು ಹಾಕಿದ ಕಣಕವು ಅರ್ಧ ಗಂಟೆಯಲ್ಲಿಯೇ ಹದಕ್ಕೆ ಬಂದೀತು. ಆದಕಾರಣ ಗಡಿಯಾರವನ್ನು ನೆಚ್ಚದೆ ಬೆರಳಿನಿಂದ ಒತ್ತಿ ನೋಡತಕ್ಕದ್ದು. ಕುಳಿಯು ತಟ್ಟನೆ ತುಂಬಿದರೆ ಇನ್ನೂ ಕಾಯಬೇಕು. ನಿಧಾನವಾಗಿ ಮುಕ್ಕಾಲುಪಾಲು ತುಂಬಿದರೆ ಹದವಾಗಿದೆ. ತುಂಬದೆ ಹಾಗೆಯೇ ನಿಂತರೆ ಹದ ಮೀರಿದೆ. ಬಳಿಕ ಬುಟ್ಟಿಯನ್ನು ತಟ್ಟೆಯ ಮೇಲೆ ಮೆಲ್ಲನೆ ಕವುಚಿ, ಕಣಕವನ್ನು ಗೀರಿ, ಚೆನ್ನಾಗಿ ಕಾದ ಓವನ್ನಿಗೆ ಇಡಬೇಕು. ಬುಟ್ಟಿಯನ್ನೇ ಓವನ್ನಿನಲ್ಲಿಟ್ಟು ಕಣಕವನ್ನು ಸುಡಬಾರದು.

ಬುಟ್ಟಿ ಬಾಳುವುದು ಒಣಗಿಸುವುದರಿಂದ. ಅದನ್ನು ನೀರಿನಲ್ಲಿ ನೆನೆಹಾಕಬಾರದು. ಕೆಲಸ ಮುಗಿದೊಡನೆ ಗಾಳಿಯಾಡುವಲ್ಲಿ ಒಣಗಿಸಿ, ಉಳಿದ ಹಿಟ್ಟನ್ನು ಒರಟು ಬ್ರಷ್ಷಿನಿಂದ ಉದುರಿಸಿ, ಬಿಸಿಲಿಗೆ ಇಡಬೇಕು. ಸಂದಿನಲ್ಲಿ ಹಿಟ್ಟು ನಿಂತರೆ ಹುಳು ಬೀಳುತ್ತದೆ. ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಬಿಸಿಲು ಕಾಣದ ದಿನಗಳುಂಟು. ಆಗ ಬ್ರೆಡ್ಡನ್ನು ತೆಗೆದ ಮೇಲೆ, ಆರಿಸಿದ ಓವನ್ನಿನ ಇಳಿಬಿಸಿಯಲ್ಲಿ ಬಾಗಿಲು ತೆರೆದು ಬುಟ್ಟಿಯನ್ನು ಸ್ವಲ್ಪ ಹೊತ್ತು ಇಡಬಹುದು. ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಎಂದೂ ಕಟ್ಟಿಡಬಾರದು. ಬೂಷ್ಟು ಬೆತ್ತದ ಒಳಗೆ ಇಳಿದಿದ್ದರೆ ಬುಟ್ಟಿಯ ಆಸೆ ಬಿಡಬೇಕು. ತಿನ್ನುವವರ ಆರೋಗ್ಯ ಅದರ ಬೆಲೆಗಿಂತ ಹೆಚ್ಚಿನದು.

ಆದ್ದರಿಂದ ಹೊಸದಾಗಿ ಕಲಿಯುವವರು ಮನೆಯಲ್ಲಿರುವ ಪಾತ್ರೆ, ಬಟ್ಟೆಗಳಿಂದಲೇ ಆರಂಭಿಸಿ ಕಣಕದ ಹದವನ್ನು ಕೈಗೆ ಕಲಿಸಿಕೊಳ್ಳಲಿ. ವಾರವಾರವೂ ಮಾಡುವವರು ಒಂದು ಒಳ್ಳೆಯ ಬುಟ್ಟಿಯನ್ನು ಕೊಂಡರೆ ದಂಡವಾಗದು. ಮಾರುವವರಾದರೋ ಒಂದೇ ಅಳತೆಯ ಎರಡು ಬುಟ್ಟಿಗಳನ್ನು ಇಟ್ಟುಕೊಳ್ಳುವುದು ಮೇಲು. ಕಣಕವನ್ನು ತೂಗಿ ಸಮವಾಗಿ ಹಂಚಿದರೆ ಬ್ರೆಡ್ಡುಗಳು ಒಂದೇ ತೂಕಕ್ಕೂ ಒಂದೇ ಆಕಾರಕ್ಕೂ ಬರುತ್ತವೆ; ಕೊಳ್ಳುವವರಿಗೂ ಕೊಟ್ಟ ಹಣಕ್ಕೆ ಸರಿಯಾದ ಪದಾರ್ಥ ದೊರೆಯಿತೆಂಬ ನಂಬಿಕೆ ಇರುತ್ತದೆ.