ಹಳೆಯ ಕಾರನ್ನು ಪುನಶ್ಚೇತನಕ್ಕಾಗಿ ಖರೀದಿಸುವ ಮುನ್ನ ವಾಹನದ ಗುರುತಿನ ಪರಿಶೀಲನೆ: ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲಿಸ್ ಜೀಪು ಮುಂತಾದ ಹಳೆಯ ವಾಹನಗಳನ್ನು ಖರೀದಿಸಿ, ದುರಸ್ತಿಪಡಿಸಿ, ಮೂಲ ಸ್ವರೂಪಕ್ಕೆ ತಂದು ಇಟ್ಟುಕೊಳ್ಳಲು ಅನೇಕ ನಾಗರಿಕರು ಇಚ್ಛಿಸುತ್ತಾರೆ. ಖರೀದಿಯ ಸಮಯದಲ್ಲಿ ತುಕ್ಕು, ಎಂಜಿನ್ನಿನ ಸ್ಥಿತಿ ಮತ್ತು ಬಿಡಿಭಾಗಗಳ ಲಭ್ಯತೆಯತ್ತ ಹೆಚ್ಚಿನ ಗಮನ ಹರಿಯುವುದು ಸಹಜ. ಆದರೆ ತುಕ್ಕು ಹಿಡಿದ ತಗಡನ್ನು ಬದಲಾಯಿಸಬಹುದು, ಎಂಜಿನ್ನನ್ನು ಬಿಚ್ಚಿ ಮರುಜೋಡಿಸಬಹುದು; ಗುರುತು ಸರಿಯಿಲ್ಲದ ವಾಹನವನ್ನು ಮಾತ್ರ ಎಷ್ಟು ಹಣ ವ್ಯಯಿಸಿದರೂ ಸರಿಪಡಿಸಲು ಬರುವುದಿಲ್ಲ. ಇಂತಹ ವಾಹನವು ಖರೀದಿದಾರರ ಹೆಸರಿಗೆ ವರ್ಗಾವಣೆಯಾಗುವುದಿಲ್ಲ. ಕಳವಿನ ವಾಹನವೆಂದು ಕಂಡುಬಂದಲ್ಲಿ ಪೊಲೀಸರ ವಶಕ್ಕೂ ಹೋಗುತ್ತದೆ.

ಪುನಶ್ಚೇತನದ ಕಾರ್ಯವೇ ಸಾಕ್ಷ್ಯವನ್ನು ಅಳಿಸಬಹುದು ಎಂಬುದನ್ನೂ ಗಮನಿಸತಕ್ಕದ್ದು. ಸ್ಯಾಂಡ್ ಬ್ಲಾಸ್ಟಿಂಗ್, ಟಿಂಕರಿಂಗ್, ವೆಲ್ಡಿಂಗ್ ಮತ್ತು ಬಣ್ಣದ ಕೆಲಸ ಮುಗಿದ ನಂತರ ಮೂಲ ಸಂಖ್ಯೆ ಹೇಗಿತ್ತೆಂದು ಸಾಬೀತುಪಡಿಸುವುದು ಕಷ್ಟ. ಆದುದರಿಂದ ಎಲ್ಲ ಪರಿಶೀಲನೆಯನ್ನು ಮುಂಗಡ ಹಣ ನೀಡುವ ಮುನ್ನವೇ ಪೂರ್ಣಗೊಳಿಸುವುದು ಸೂಕ್ತ.

ವಾಹನದ ಗುರುತು ಎಂದರೇನು?

ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ನೋಂದಣಿ ಸಂಖ್ಯೆ ಈ ಮೂರೂ ಸೇರಿ ವಾಹನದ ಗುರುತಾಗುತ್ತದೆ. ಇವುಗಳಲ್ಲಿ ಚಾಸಿಸ್ ಸಂಖ್ಯೆಯೇ ಪ್ರಧಾನವಾದುದು. ಎಂಜಿನ್ನನ್ನು ಬದಲಾಯಿಸಬಹುದು, ವಾಹನ ಬೇರೆ ರಾಜ್ಯಕ್ಕೆ ಹೋದಾಗ ನೋಂದಣಿ ಸಂಖ್ಯೆಯೂ ಬದಲಾಗಬಹುದು. ಚಾಸಿಸ್ ಸಂಖ್ಯೆ ಮಾತ್ರ ವಾಹನದ ಜೊತೆಗೇ ಉಳಿಯಬೇಕು.

ಇಂದಿನ ಕಾರುಗಳಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ಸಂಖ್ಯೆಯ ಪದ್ಧತಿಯು 1960ರ ದಶಕದಲ್ಲಿ ಇರಲಿಲ್ಲ. ಆ ಕಾಲದ ಸಂಖ್ಯೆಗಳು ಇದಕ್ಕಿಂತ ಚಿಕ್ಕವು. ಅವುಗಳ ಕ್ರಮವೂ ತಯಾರಕರಿಂದ ತಯಾರಕರಿಗೆ ಬೇರೆ. 1965ರ ಕಾರಿನ ಮೇಲೆ 17 ಅಕ್ಷರಗಳ ಸಂಖ್ಯೆ ಕಂಡುಬಂದಲ್ಲಿ ಅದು ಮೂಲ ಸಂಖ್ಯೆಯಲ್ಲ ಎಂದೇ ತಿಳಿಯಬೇಕು.

ದಾಖಲೆಗಳ ಪರಿಶೀಲನೆ

ಮಾರಾಟಗಾರರಿಂದ ಈ ಕೆಳಕಂಡ ದಾಖಲೆಗಳ ಮೂಲ ಪ್ರತಿಗಳನ್ನು ಕೇಳಿ ಪಡೆದು ನೋಡತಕ್ಕದ್ದು. ಜೆರಾಕ್ಸ್ ಪ್ರತಿಯನ್ನು ಮಾತ್ರ ನಂಬಿ ವ್ಯವಹರಿಸುವುದು ಸರಿಯಲ್ಲ.

1. ನೋಂದಣಿ ಪ್ರಮಾಣ ಪತ್ರ. ಹಳೆಯ ವಾಹನವಾದಲ್ಲಿ ಕೈಬರಹದ ನೋಂದಣಿ ಪುಸ್ತಕ. ಪುಸ್ತಕದಲ್ಲಿ ಹಿಂದಿನ ಮಾಲೀಕರ ಹೆಸರುಗಳು, ವರ್ಗಾವಣೆಯ ದಿನಾಂಕಗಳು ಮತ್ತು ಕಚೇರಿಯ ಮೊಹರುಗಳು ಅನುಕ್ರಮವಾಗಿ ಇರಬೇಕು.
2. ತೆರಿಗೆ ಪಾವತಿಯ ದಾಖಲೆ.
3. ವಾಹನದ ಮೇಲೆ ಸಾಲ ನಮೂದಾಗಿದ್ದಲ್ಲಿ, ಸಾಲ ತೀರಿದ ಬಗ್ಗೆ ನಮೂನೆ 35.
4. ಹೊರರಾಜ್ಯದ ವಾಹನವಾದಲ್ಲಿ, ಮೂಲ ನೋಂದಣಿ ಪ್ರಾಧಿಕಾರವು ನಮೂನೆ 28ರಲ್ಲಿ ನೀಡಿದ ನಿರಾಕ್ಷೇಪಣಾ ಪತ್ರ.
5. ಆಮದಾದ ವಾಹನವಾದಲ್ಲಿ, ಸುಂಕ ಇಲಾಖೆಯ ಬಿಲ್ ಆಫ್ ಎಂಟ್ರಿ.
6. ಸೇನೆಯು ವಿಲೇವಾರಿ ಮಾಡಿದ, ಇನ್ನೂ ನೋಂದಣಿಯಾಗದ ಜೀಪು ಮುಂತಾದ ವಾಹನವಾದಲ್ಲಿ, ಸಂಬಂಧಪಟ್ಟ ಪ್ರಾಧಿಕಾರವು ನಮೂನೆ 21ರಲ್ಲಿ ನೀಡಿದ ಮೂಲ ಮಾರಾಟ ಪ್ರಮಾಣ ಪತ್ರ.

ನೋಂದಣಿ ಸಂಖ್ಯೆಯೂ ಇತಿಹಾಸವನ್ನು ತಿಳಿಸುತ್ತದೆ. ಮೋಟಾರು ವಾಹನ ಕಾಯ್ದೆ, 1988 ಜಾರಿಗೆ ಬರುವ ಮುನ್ನ ರಾಜ್ಯದಲ್ಲಿ ಎಂವೈ, ಎಂಇ, ಸಿಎ ಮುಂತಾದ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಗಳಿದ್ದವು; ಕೆಎ ಶ್ರೇಣಿ ಅನಂತರದ್ದು. 1960ರ ದಶಕದ ಕಾರಿಗೆ ಕೆಎ ಸಂಖ್ಯೆ ಇದ್ದಲ್ಲಿ, ಅದು ಹೊರರಾಜ್ಯದಿಂದ ಬಂದು ಇಲ್ಲಿ ಮತ್ತೆ ನೋಂದಣಿಯಾದ ವಾಹನವಿರಬಹುದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಂದಿನ ಸಂಖ್ಯೆ ಯಾವುದು, ಯಾವ ಕಚೇರಿಯದು ಎಂಬುದನ್ನು ಕೇಳಿ ತಿಳಿಯಬೇಕು.

ನೋಂದಣಿಯ ವಿವರಗಳನ್ನು ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಗಣಕೀಕರಣಕ್ಕೆ ಮುಂಚಿನ ವಾಹನದ ವಿವರ ಅಲ್ಲಿ ದೊರೆಯದಿದ್ದಲ್ಲಿ, ಮೂಲ ನೋಂದಣಿ ಮಾಡಿದ ಕಚೇರಿಯ ವಹಿಗಳಿಂದ ಖಚಿತಪಡಿಸಿಕೊಳ್ಳಬೇಕು. ಈ ಕಾರ್ಯವನ್ನು ಮಾರಾಟಗಾರರಿಂದಲೇ ಮಾಡಿಸಿ, ದಾಖಲೆ ಗಣಕಕ್ಕೆ ಸೇರಿದ ನಂತರ ಹಣ ಪಾವತಿಸುವುದು ಖರೀದಿದಾರರಿಗೆ ಕ್ಷೇಮ.

ವಾಹನದ ಪರಿಶೀಲನೆ

ಚಾಸಿಸ್ ಸಂಖ್ಯೆಯನ್ನು ಹಗಲು ಬೆಳಕಿನಲ್ಲಿ, ಎಣ್ಣೆ ಮತ್ತು ಕೊಳೆಯನ್ನು ಬಟ್ಟೆಯಿಂದ ಒರೆಸಿ ಓದಬೇಕು. ಉಪ್ಪುಕಾಗದದಿಂದ ಉಜ್ಜಬಾರದು. ನೋಂದಣಿ ಕಚೇರಿಗೆ ಸಲ್ಲಿಸುವ ಅರ್ಜಿಗಳಲ್ಲಿ ಮಾಡುವಂತೆ, ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳುವುದು ಉತ್ತಮ. ಕಣ್ಣಿಗೆ ಕಾಣದ ವ್ಯತ್ಯಾಸಗಳು ಪೆನ್ಸಿಲ್ ಪ್ರಿಂಟಿನಲ್ಲಿ ಕಾಣಬಹುದು.

ಈ ಕೆಳಕಂಡ ಲಕ್ಷಣಗಳು ಸಂಶಯಾಸ್ಪದವಾದವು:

1. ಅಂಕಿಗಳ ಗಾತ್ರ, ಆಳ ಅಥವಾ ಸಾಲು ಒಂದೇ ತೆರನಾಗಿ ಇಲ್ಲದಿರುವುದು.
2. ಸಂಖ್ಯೆಯ ಸುತ್ತ ಲೋಹವನ್ನು ತೇಯ್ದ ಗುರುತು, ವೆಲ್ಡಿಂಗ್ ಅಥವಾ ಪುಟ್ಟಿ ಇರುವುದು.
3. ವಾಹನವೆಲ್ಲ ತುಕ್ಕು ಹಿಡಿದಿದ್ದರೂ ಸಂಖ್ಯೆಯ ಫಲಕ ಮತ್ತು ಅದರ ರಿವೆಟ್‌ಗಳು ಮಾತ್ರ ಹೊಸದಾಗಿರುವುದು.
4. ಫಲಕದ ಮೇಲಿನ ಸಂಖ್ಯೆಗೂ ಲೋಹದ ಮೇಲೆ ಕೊರೆದ ಸಂಖ್ಯೆಗೂ ಹೊಂದಾಣಿಕೆ ಇಲ್ಲದಿರುವುದು.

ರಿವೆಟ್ ಮಾಡಿದ ಫಲಕವನ್ನು ಒಂದು ವಾಹನದಿಂದ ತೆಗೆದು ಮತ್ತೊಂದಕ್ಕೆ ಕೂಡಿಸುವುದು ಸುಲಭ. ಆದುದರಿಂದ ಲೋಹದ ಮೇಲೆ ಕೊರೆದ ಸಂಖ್ಯೆ ಇರುವ ವಾಹನದಲ್ಲಿ ಫಲಕವನ್ನೊಂದೇ ಆಧಾರವಾಗಿ ಇಟ್ಟುಕೊಳ್ಳಬಾರದು.

ದೇಹದ ರಚನೆಯನ್ನೂ ತಿಳಿದಿರಬೇಕು. ಅಂಬಾಸಿಡರ್ ಮತ್ತು ಫಿಯಟ್ ಕಾರುಗಳಲ್ಲಿ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ಕಾರಿನ ದೇಹವೇ ಭಾರ ಹೊರುವ ಚೌಕಟ್ಟು. ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಜೀಪುಗಳಲ್ಲಿ ಚಾಸಿಸ್ ಬೇರೆ, ದೇಹ ಬೇರೆ. ಎರಡನ್ನೂ ಬೋಲ್ಟುಗಳಿಂದ ಜೋಡಿಸಲಾಗಿರುತ್ತದೆ. ಇಂತಹ ವಾಹನಗಳಲ್ಲಿ ಎರಡು ಮೂರು ವಾಹನಗಳ ಭಾಗಗಳನ್ನು ಸೇರಿಸಿ ಒಂದನ್ನು ಕಟ್ಟಿರುವ ಸಾಧ್ಯತೆ ಹೆಚ್ಚು. ಯಾವ ಭಾಗದ ಮೇಲೆ ಯಾವ ಸಂಖ್ಯೆ ಇದೆ ಎಂಬುದನ್ನು ವಿಶೇಷವಾಗಿ ನೋಡಬೇಕು.

ದಾಖಲೆಗೂ ವಾಹನಕ್ಕೂ ಹೊಂದಾಣಿಕೆ

ನೋಂದಣಿ ಪತ್ರದಲ್ಲಿರುವ ತಯಾರಿಕೆಯ ವರ್ಷ, ಮಾದರಿ, ಇಂಧನ ಮತ್ತು ಎಂಜಿನ್ ಸಾಮರ್ಥ್ಯವನ್ನು ಎದುರಿಗಿರುವ ವಾಹನದೊಂದಿಗೆ ಹೋಲಿಸಬೇಕು. ಉದಾಹರಣೆಗೆ, 1960ರ ದಶಕದ ಅಂಬಾಸಿಡರ್ ಕಾರು ಕಾರ್ಖಾನೆಯಿಂದ 1489 ಸಿಸಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದಿತ್ತು. ಡೀಸೆಲ್ ಅಂಬಾಸಿಡರ್ ಬಂದದ್ದು 1970ರ ದಶಕದ ಕೊನೆಯ ಹೊತ್ತಿಗೆ. 1800 ಸಿಸಿ ಇಸುಜು ಎಂಜಿನ್ ಬಂದದ್ದು 1990ರ ದಶಕದಲ್ಲಿ. 1965ರ ಅಂಬಾಸಿಡರಿನಲ್ಲಿ ಡೀಸೆಲ್ ಎಂಜಿನ್ ಇದ್ದಲ್ಲಿ ಅದು ನಂತರ ಕೂಡಿಸಿದ್ದು. ಅದರ ಸಂಖ್ಯೆ ಮತ್ತು ಇಂಧನ ಬದಲಾವಣೆಯು ಕಾಯ್ದೆಯ ಕಲಂ 52ರ ಮೇರೆಗೆ ನೋಂದಣಿ ಪತ್ರದಲ್ಲಿ ದಾಖಲಾಗಿರಬೇಕು. ಅದೇ ರೀತಿ, ‘ಪದ್ಮಿನಿ’ ಎಂಬ ಹೆಸರು ಬಳಕೆಗೆ ಬಂದದ್ದು 1970ರ ದಶಕದಲ್ಲಿ. 1968ರ ಕಾರಿನ ಪುಸ್ತಕದಲ್ಲಿ ಪದ್ಮಿನಿ ಎಂದಿದ್ದರೆ, ಪುಸ್ತಕ ಅಥವಾ ಕಾರು ಎರಡರಲ್ಲಿ ಒಂದು ಸರಿಯಿಲ್ಲ.

ಮಾರಾಟಗಾರರ ಹಕ್ಕು ಮತ್ತು ಕಳವಿನ ಪರಿಶೀಲನೆ

ನೋಂದಾಯಿತ ಮಾಲೀಕರಲ್ಲದವರು ಹಳೆಯ ವಾಹನವನ್ನು ಮಾರುವುದು ಅಪರೂಪವಲ್ಲ. ಮಾಲೀಕರು ನಿಧನರಾಗಿದ್ದಲ್ಲಿ ವಾಹನವು ಮೊದಲು ವಾರಸುದಾರರ ಹೆಸರಿಗೆ ನಮೂನೆ 31ರ ಮೂಲಕ ವರ್ಗಾವಣೆಯಾಗಿರಬೇಕು. ಸಹಿ ಮಾಡಿದ ಖಾಲಿ ನಮೂನೆಗಳು ಹಲವು ಕೈ ದಾಟಿ ಬಂದಿದ್ದಲ್ಲಿ, ಅವುಗಳಲ್ಲಿ ಸಹಿ ಮಾಡಿದವರನ್ನು ಖುದ್ದಾಗಿ ಕಾಣದೆ ವ್ಯವಹಾರ ಮಾಡಬಾರದು. ಸರಕು ಮಾರಾಟ ಕಾಯ್ದೆ, 1930ರ ಕಲಂ 27ರ ಸಾಮಾನ್ಯ ತತ್ತ್ವದಂತೆ, ಮಾರುವವರಿಗೆ ಇಲ್ಲದ ಹಕ್ಕು ಕೊಳ್ಳುವವರಿಗೂ ದೊರೆಯುವುದಿಲ್ಲ. ಖರೀದಿದಾರರು ಪೂರ್ತಿ ಬೆಲೆ ಕೊಟ್ಟಿದ್ದರೂ, ಕಳವಾದ ವಾಹನದ ನಿಜವಾದ ಮಾಲೀಕರು ಅದನ್ನು ಮರಳಿ ಪಡೆಯಬಹುದು.

ಕಳವಾದ ಮತ್ತು ಪತ್ತೆಯಾದ ವಾಹನಗಳ ಮಾಹಿತಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನಿರ್ವಹಿಸುತ್ತದೆ. ನಾಗರಿಕರು ಡಿಜಿಟಲ್ ಪೊಲೀಸ್ ಜಾಲತಾಣದಲ್ಲಿ ನೋಂದಣಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ನೀಡಿ ಪರಿಶೀಲಿಸಬಹುದು. ಬಹಳ ಹಿಂದಿನ ಕಳವುಗಳು ಗಣಕದಲ್ಲಿ ಇಲ್ಲದಿರುವ ಸಂಭವ ಇರುವುದರಿಂದ, ಈ ಪರಿಶೀಲನೆಯೊಂದೇ ಸಾಲದು.

50 ವರ್ಷ ಮೀರಿದ ವಾಹನಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ಕ್ಕೆ 2021ರಲ್ಲಿ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಮೋಟಾರು ವಾಹನಗಳೆಂದು ನೋಂದಾಯಿಸಲು ಅವಕಾಶವಿದೆ. ಹೊಸ ನೋಂದಣಿಗೆ 20,000 ರೂಪಾಯಿ ಮತ್ತು ಮರು ನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಆ ತಿದ್ದುಪಡಿಯಲ್ಲಿ ನಿಗದಿಪಡಿಸಲಾಯಿತು. ನೋಂದಣಿಯು 10 ವರ್ಷ ಊರ್ಜಿತದಲ್ಲಿರುತ್ತದೆ. ಹೊಸದಾಗಿ ನೋಂದಣಿಯಾಗುವ ವಾಹನದ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇವುಗಳನ್ನು ನಿತ್ಯದ ಸಂಚಾರಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ಬಳಸುವಂತಿಲ್ಲ.

ವಾಹನವು ಮೂಲ ಸ್ವರೂಪದಲ್ಲಿರಬೇಕು. ಚಾಸಿಸ್, ದೇಹ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಒಳಗೊಂಡ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಇಲ್ಲಿನ ಮುಖ್ಯ ಷರತ್ತು. ಆದುದರಿಂದ ಎಂಜಿನ್ ಬದಲಾದ ಅಥವಾ ದೇಹ ಮಾರ್ಪಟ್ಟ ಕಾರನ್ನು ‘ವಿಂಟೇಜ್’ ಎಂಬ ಬೆಲೆಗೆ ಕೊಳ್ಳುವ ಮುನ್ನ ಈ ಷರತ್ತನ್ನು ನೆನಪಿನಲ್ಲಿಡಬೇಕು.

ಖರೀದಿಯ ನಂತರ

1. ಒಂದೇ ರಾಜ್ಯದೊಳಗಿನ ಮಾರಾಟವಾದಲ್ಲಿ ಮಾರಾಟಗಾರರು 14 ದಿನಗಳೊಳಗಾಗಿ ನಮೂನೆ 29ರಲ್ಲಿ ವರದಿ ಮಾಡತಕ್ಕದ್ದು. ಖರೀದಿದಾರರು 30 ದಿನಗಳೊಳಗಾಗಿ ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.
2. ನೋಂದಣಿಯ ಅವಧಿ ಮುಗಿದಿದ್ದಲ್ಲಿ ನವೀಕರಣಕ್ಕೆ ನಮೂನೆ 25ನ್ನು ಸಲ್ಲಿಸಬೇಕು. ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು.
3. ಕೆಲಸ ಆರಂಭಿಸುವ ಮುನ್ನ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳ ಛಾಯಾಚಿತ್ರ ತೆಗೆದು, ಪೆನ್ಸಿಲ್ ಪ್ರಿಂಟಿನೊಂದಿಗೆ ದಿನಾಂಕ ಸಹಿತ ಇಟ್ಟುಕೊಳ್ಳಬೇಕು.
4. ಸಂಖ್ಯೆ ಇರುವ ಭಾಗವನ್ನು ಕತ್ತರಿಸಬಾರದು. ತುಕ್ಕಿನಿಂದ ಸಂಖ್ಯೆ ಅಳಿಸುವ ಹಂತದಲ್ಲಿದ್ದರೆ ಖಾಸಗಿಯಾಗಿ ಮತ್ತೆ ಕೊರೆಸದೆ, ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ಅರ್ಜಿ ಸಲ್ಲಿಸಬೇಕು.

ಸೂಚನೆ: ದಾಖಲೆಯಲ್ಲಿನ ಸಂಖ್ಯೆ ಮತ್ತು ವಾಹನದ ಮೇಲಿನ ಸಂಖ್ಯೆ ಒಂದಕ್ಷರದಷ್ಟು ಭಿನ್ನವಾಗಿದ್ದರೂ, ಅದು ಬರಹದ ದೋಷವೆಂಬ ಮಾರಾಟಗಾರರ ಮಾತನ್ನು ಒಪ್ಪಿ ಹಣ ಪಾವತಿಸಬಾರದು. ಬರಹದ ದೋಷವೇ ಆಗಿದ್ದಲ್ಲಿ, ನೋಂದಾಯಿತ ಮಾಲೀಕರು ಅರ್ಜಿ ಸಲ್ಲಿಸಿ ತಿದ್ದುಪಡಿ ಮಾಡಿಸಿಕೊಡಲಿ. ತಿದ್ದುಪಡಿಯಾದ ನೋಂದಣಿ ಪತ್ರವನ್ನು ಕಂಡ ಬಳಿಕವೇ ಖರೀದಿಯನ್ನು ಮುಂದುವರಿಸುವುದು ಖರೀದಿದಾರರ ಹಿತಕ್ಕೆ ತಕ್ಕುದು.