ಹಳಿಯ ಆಚೆ ಧಾರಾವಿ, ಈಚೆ ಮಾಟುಂಗಾ

ಹುಬ್ಬಳ್ಳಿಯಿಂದ ಮುಂಬೈಗೆ ಗೆಳೆಯನನ್ನು ನೋಡಲು ಹೊರಟವನಿಗೆ ಮನೆಯವರದು ಒಂದೇ ಪ್ರಶ್ನೆ: ‘ಅವನ ಮನಿ ಯಾವ ಏರಿಯಾದಾಗ ಐತಿ?’ ಮಾಟುಂಗಾ ಎಂದರೆ ಸಮಾಧಾನ. ಧಾರಾವಿ ಎಂದರೆ, ‘ಪಾಕೀಟು ಹುಷಾರಪ್ಪಾ!’

ತಮಾಷೆಯೆಂದರೆ, ಎರಡೂ ಅಕ್ಕಪಕ್ಕದಲ್ಲೇ ಇವೆ. ನಡುವೆ ರೈಲು ಹಳಿ, ಅಷ್ಟೇ.

ಮಾಟುಂಗಾದ ಒಳ್ಳೆಯ ಹೆಸರಿನ ಹಿಂದೆ ಒಂದು ಕೆಟ್ಟ ರೋಗವಿದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅದರ ಬೆನ್ನಿಗೇ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮುಂದೆ ದಾದರ್, ಮಾಟುಂಗಾ ಕಡೆ ನಕ್ಷೆ ಹಾಕಿ, ಅಗಲ ರಸ್ತೆ, ತೋಟಗಳಿಗೆ ಜಾಗ ಬಿಟ್ಟು ಬಡಾವಣೆ ಕಟ್ಟಿತು. ದಕ್ಷಿಣ ಭಾರತದವರು ಬಂದು ನೆಲೆಸಿದರು. ಸ್ಟೇಷನ್ ಹತ್ತಿರ 1942ರಲ್ಲಿ ರಾಮ ನಾಯಕರು ಶುರು ಮಾಡಿದ ಉಡುಪಿ ಹೋಟೆಲಿನಲ್ಲಿ ಬಾಳೆಎಲೆ ಊಟಕ್ಕೆ ಇವತ್ತಿಗೂ ಸಾಲು ನಿಲ್ಲಬೇಕು. ಕನ್ನಡಿಗರ ಮೈಸೂರು ಅಸೋಸಿಯೇಷನ್ ಇರುವುದೂ ಮಾಟುಂಗಾದಲ್ಲೇ.

ಧಾರಾವಿಗೆ ಅಂಥ ನಕ್ಷೆ ಯಾರೂ ಹಾಕಲಿಲ್ಲ. ಊರೊಳಗೆ ಬೇಡವಾದ ಚರ್ಮ ಹದ ಮಾಡುವ ಕೆಲಸ, ಕುಂಬಾರಿಕೆ ಇಲ್ಲಿ ಬೀಡುಬಿಟ್ಟವು. 2008ರ ‘ಸ್ಲಂಡಾಗ್ ಮಿಲಿಯನೇರ್’ ಸಿನಿಮಾ ಬಂದ ಮೇಲಂತೂ ಧಾರಾವಿಯ ಕೆಟ್ಟ ಹೆಸರು ಜಗತ್ತಿಗೆಲ್ಲ ಮುಟ್ಟಿತು.

ಆದರೆ ಧಾರಾವಿಯ ಕುಂಬಾರರ ಕೇರಿ ಕುಂಭಾರವಾಡಾದ ಓಣಿಯಲ್ಲಿ ನಿಂತರೆ ಕಾಣುವುದು ಬೇರೆ. ಗುಜರಾತಿನ ಸೌರಾಷ್ಟ್ರದಿಂದ ಬಂದ ಕುಂಬಾರರ ಮನೆಗಳು, ಬಾಗಿಲಲ್ಲಿ ಸಾಲಾಗಿ ಒಣಗಲಿಟ್ಟ ಹಣತೆ, ಕಣ್ಣುರಿಸುವ ಆವಿಗೆಯ ಹೊಗೆ. ದೀಪಾವಳಿಗೆ ಮಾಟುಂಗಾದ ಮೆಟ್ಟಿಲ ಮೇಲೆ ಉರಿಯುವ ಹಣತೆ ಇಲ್ಲಿಯದೇ ಇದ್ದೀತು! ಇಕ್ಕಟ್ಟು, ಗಲೀಜು ಸುಳ್ಳಲ್ಲ. ಕಳ್ಳರ ಕೇರಿ ಎನ್ನುವುದು ಮಾತ್ರ ಕಾಲಿಡದವರ ಮಾತು.

ಮಾಟುಂಗಾದ ಗೆಳೆಯನ ಮನೆಗೆ ಹೋದಾಗ ಫಿಲ್ಟರ್ ಕಾಫಿ ಕುಡಿದು ಆ ಕಡೆಗೂ ಹೆಜ್ಜೆ ಹಾಕಿ. ನಡೆದೇ ಹೋಗುವಷ್ಟು ದೂರ.