ಹಲ್ಲಿನ ಕ್ಲಿನಿಕ್ಕಿನಲ್ಲಿ ಕಲಿತ ಮ್ಯಾನೇಜ್‌ಮೆಂಟ್

ನಮ್ಮ ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳೇ ಎರಡಿವೆ. ಹಾಗಾಗಿ ಹಲ್ಲಿನ ಡಾಕ್ಟರುಗಳಿಗೆ ಕೊರತೆಯಿಲ್ಲ. ಹೆಚ್ಚುಕಡಿಮೆ ಎಲ್ಲ ಕ್ಲಿನಿಕ್ಕಿನಲ್ಲೂ ಅದೇ ಕುರ್ಚಿ, ಅದೇ ಯಂತ್ರ, ಫೀಸಿನಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಆದರೂ ಒಂದು ಕಡೆ ಜನ ಗಂಟೆಗಟ್ಟಲೆ ಕಾಯುತ್ತಾರೆ, ಇನ್ನೊಂದು ಕಡೆ ಕುರ್ಚಿ ಖಾಲಿ. ಪ್ರಥಮ ಪಿಯು ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಎರಡು ತಿಂಗಳು ಕೂತಾಗ ನನಗೆ ಇದರ ಕಾರಣ ಸ್ವಲ್ಪ ಅರ್ಥವಾಯಿತು. ಸೈನ್ಸ್ ವಿಭಾಗದ ಗೆಳೆಯರು ನಗಬೇಡಿ. ಇದು ಹಲ್ಲಿಗಿಂತ ಹೆಚ್ಚಾಗಿ ನಮ್ಮ ಬಿಸಿನೆಸ್ ಸ್ಟಡೀಸ್‌ನ ವಿಷಯ.

ನನ್ನ ಬಾಜಿ ಅಲ್ಲಿ ಡೆಂಟಲ್ ಅಸಿಸ್ಟೆಂಟ್. ಅದಕ್ಕೂ ಮೊದಲು ಬೇರೆ ಒಂದು ಕ್ಲಿನಿಕ್ಕಿನಲ್ಲಿದ್ದರು. ಅಲ್ಲಿನ ಒಂದು ಘಟನೆಯನ್ನು ಅವರು ನಮ್ಮ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಾರೆ.

ಹಲ್ಲಿನ ಉಪಕರಣಗಳನ್ನು ತೊಳೆದು, ಚಿಕ್ಕ ಚೀಲದಲ್ಲಿ ಮುಚ್ಚಿ, ಆಟೋಕ್ಲೇವ್ ಎಂಬ ಯಂತ್ರದಲ್ಲಿ ಇಡುತ್ತಾರೆ. ಅದು ನಮ್ಮ ಪ್ರೆಶರ್ ಕುಕ್ಕರಿನ ದೊಡ್ಡಣ್ಣ ಇದ್ದಂತೆ. ಒತ್ತಡದ ಹಬೆ 121 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ನಿಗದಿತ ಸಮಯ ಅಲ್ಲೇ ನಿಲ್ಲಬೇಕು. ಚೀಲದ ಮೇಲೆ ಒಂದು ಗುರುತು ಇರುತ್ತದೆ, ಹಬೆ ತಾಗಿದರೆ ಅದರ ಬಣ್ಣ ಬದಲಾಗುತ್ತದೆ. (ಬಣ್ಣ ಬದಲಾದ ಮಾತ್ರಕ್ಕೆ ಕ್ರಿಮಿಯೆಲ್ಲ ಸತ್ತವು ಎಂದಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ. ಆದರೆ ಬಣ್ಣ ಬದಲಾಗದಿದ್ದರೆ ಆ ಚೀಲವನ್ನು ಬಳಸಲೇಬಾರದು.) ಒಂದು ದಿನ ಬಣ್ಣ ಬದಲಾಗದ ಚೀಲ ಬಾಜಿಯ ಕೈಗೆ ಬಂತು. ಅದನ್ನು ಪಕ್ಕಕ್ಕಿಟ್ಟು ಡಾಕ್ಟರಿಗೆ ಹೇಳಿದರು. ಕುರ್ಚಿಯಲ್ಲಿ ಪೇಷೆಂಟ್ ಬಾಯಿ ತೆರೆದು ಮಲಗಿದ್ದ. ಡಾಕ್ಟರು ಅವನ ಎದುರೇ ರೇಗಿದರು: "ಇದನ್ನೆಲ್ಲ ಮೊದಲೇ ನೋಡಿಕೊಳ್ಳೋಕೆ ಆಗಲ್ವಾ? ಟೈಮ್ ವೇಸ್ಟ್ ಮಾಡ್ತೀರಿ."

ಮುಂದಿನ ಸಲ ಯಾರೂ ಹೇಳಲಿಲ್ಲ. ಅಂಥ ಚೀಲ ಸಿಕ್ಕಾಗಲೆಲ್ಲ ಹುಡುಗಿಯರು ಸದ್ದಿಲ್ಲದೆ ಅದನ್ನು ತೆಗೆದು ಬೇರೆ ಚೀಲ ಇಡುತ್ತಿದ್ದರು. ಪೇಷೆಂಟಿಗೆ ತೊಂದರೆಯಾಗಲಿಲ್ಲ, ಅಲ್ಹಮ್ದುಲಿಲ್ಲಾಹ್. ಆದರೆ ಯಂತ್ರ ಕೆಟ್ಟಿದೆ ಎಂದು ಅದರ ಮಾಲೀಕರಿಗೇ ಎರಡು ವಾರ ಗೊತ್ತಾಗಲಿಲ್ಲ! ಬೈದು ಅವರು ತಪ್ಪನ್ನು ನಿಲ್ಲಿಸಲಿಲ್ಲ, ತಪ್ಪಿನ ಸುದ್ದಿಯನ್ನು ನಿಲ್ಲಿಸಿದರು. ಬಾಯಿ ತೆರೆದು ಮಲಗಿದ್ದ ಆ ಪೇಷೆಂಟಿಗೂ ಕಿವಿ ಇತ್ತಲ್ಲ? ಅವನು ಮತ್ತೆ ಬರಲಿಲ್ಲ.

ಇದು ಒಂದು ಕ್ಲಿನಿಕ್ಕಿನ ಕಥೆ ಮಾತ್ರ ಅಲ್ಲ ಎಂದು ನಂತರ ಓದಿ ತಿಳಿದೆ. ಅಮೆರಿಕದ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು. ಲೆಕ್ಕ ನೋಡಿದರೆ ಉಲ್ಟಾ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅವರ ವಿವರಣೆ ಏನೆಂದರೆ, ಆ ತಂಡದವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಮಾಡಿದ್ದನ್ನು ಹೆದರದೆ ಹೇಳುತ್ತಿದ್ದರು. ಇದು 1996ರಲ್ಲಿ ಪ್ರಕಟವಾಯಿತು. ನಮ್ಮ ಪಠ್ಯದಲ್ಲಿ ಹೆನ್ರಿ ಫೇಯಾಲ್ ಅವರ 14 ತತ್ವಗಳಿವೆ, ಕೊನೆಯದು ತಂಡದ ಒಗ್ಗಟ್ಟಿನ ಬಗ್ಗೆ. 'ನಾನು' ಎನ್ನುವ ಕಡೆ 'ನಾವು' ಎನ್ನಬೇಕು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಬರೆದರೆ ಮಾರ್ಕ್ಸ್ ಬರುತ್ತದೆ. ಆದರೆ 'ನಾವು' ಎನ್ನುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ನಾನೇ ತಪ್ಪು ಮಾಡಿದ ದಿನ.

ಡಾಕ್ಟರುಗಳು ಹಲ್ಲಿಗೆ ಹೆಸರು ಹೇಳುವುದಿಲ್ಲ, ನಂಬರ್ ಹೇಳುತ್ತಾರೆ. ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೊದಲ ಅಂಕಿ ಯಾವ ಭಾಗ ಎಂದೂ ಎರಡನೆಯದು ನಡುವಿನಿಂದ ಎಣಿಸಿದರೆ ಎಷ್ಟನೇ ಹಲ್ಲು ಎಂದೂ ಹೇಳುತ್ತದೆ. 26 ಎಂದರೆ ಪೇಷೆಂಟಿನ ಎಡಗಡೆ ಮೇಲಿನ ದವಡೆಯ ಆರನೇ ಹಲ್ಲು. 36 ಎಂದರೆ ಅದೇ ಎಡಗಡೆ, ಆದರೆ ಕೆಳಗಿನ ದವಡೆ. ನಾನು ಮತ್ತು ಬಾಜಿ ಮಾತಾಡುವುದು ಉರ್ದುವಿನಲ್ಲಿ. ಒಳಗಿನಿಂದ ಅವರು "ಛಬ್ಬೀಸ್" ಎಂದರು, ಹೊರಗೆ ಫೋನ್ ಹೊಡೆದುಕೊಳ್ಳುತ್ತಿತ್ತು, ನನ್ನ ಕಿವಿಗೆ "ಛತ್ತೀಸ್" ಎಂದು ಕೇಳಿಸಿತು. ಸೋಮವಾರ 36 ಕೀಳುವುದು ಎಂದು ಬರೆದೆ.

ರಾತ್ರಿ ಎಕ್ಸ್‌ರೇ ಕವರುಗಳನ್ನು ಜೋಡಿಸುವಾಗ ಗೊತ್ತಾಯಿತು. ಹೊಟ್ಟೆಯೊಳಗೆ ತಣ್ಣಗಾಯಿತು. ಕೀಳುವ ಮುಂಚೆ ಮೇಡಂ ಎಕ್ಸ್‌ರೇ ನೋಡಿಯೇ ನೋಡುತ್ತಾರೆ, ನಿಜ. ಆದರೆ ಟ್ರೇ ಸಿದ್ಧವಾಗುವುದು ನನ್ನ ಪುಸ್ತಕ ನೋಡಿ, ಮೇಲಿನ ಹಲ್ಲಿಗೆ ಬೇರೆ ಇಕ್ಕಳ, ಕೆಳಗಿನದಕ್ಕೆ ಬೇರೆ. ರಶ್ ಇರುವ ದಿನ ಎಲ್ಲರೂ ಪುಸ್ತಕವನ್ನೇ ನಂಬಿಬಿಟ್ಟರೆ? ವೈಟ್ನರ್ ಡ್ರಾಯರಿನಲ್ಲೇ ಇತ್ತು. ಒಂದು ಅಂಕಿ ಅಷ್ಟೇ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಗೂ ತೆಗೆದುಕೊಂಡೆ. ಬಾಜಿ ನೋಡಿದರು. "ನೀನೇ ಹೋಗಿ ಮೇಡಂಗೆ ಹೇಳು" ಎಂದರು.

ಮೇಡಂ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದ್ದು, "ಹೇಗೆ ಆಯ್ತು?" ಎಂದು. ಯಾರು ಮಾಡಿದ್ದು ಎಂದಲ್ಲ. ಆ ಕ್ಲಿನಿಕ್ಕಿನಲ್ಲಿ ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಐದು ನಿಮಿಷ ಎಲ್ಲರೂ ನಿಂತು ಮಾತಾಡುತ್ತಾರೆ, ನೆಲ ಒರೆಸುವ ಆಯಮ್ಮ ಕೂಡ. ಮರುದಿನ ಮೇಡಂ ನನ್ನ ಹೆಸರು ಹೇಳದೆ ವಿಷಯ ಹೇಳಿ, ಏನು ಮಾಡೋಣ ಎಂದು ಕೇಳಿದರು. ಆಯಮ್ಮನೇ ಹೇಳಿದ್ದು: "ಅಂಕಿ ಬಿಡಿಬಿಡಿಯಾಗಿ ಹೇಳಿ, ಮೇಲೆ-ಕೆಳಗೆ ಅಂತಾನೂ ಬರೀರಿ." ಅಂದಿನಿಂದ ಅದೇ ನಿಯಮ. ಎರಡು, ಆರು, ಮೇಲೆ, ಎಡ.

ಈ ಐದು ನಿಮಿಷದಿಂದ ಪೇಷೆಂಟಿಗೆ ಏನು ಲಾಭ ಎಂದು ನೀವು ಕೇಳಬಹುದು. ಕೌಂಟರಿನಲ್ಲಿ ಕೂತವರಿಗೆ ಅದು ಕಾಣುತ್ತದೆ. "ಈ ಹಲ್ಲು ತೆಗೆಸಲೇಬೇಕಾ? ಒಟ್ಟು ಎಷ್ಟಾಗುತ್ತೆ?" ಎಂದು ಜನ ಡಾಕ್ಟರನ್ನು ಕೇಳಲು ಹಿಂಜರಿಯುತ್ತಾರೆ, ಹೊರಗೆ ಬಂದು ನಮ್ಮನ್ನು ಕೇಳುತ್ತಾರೆ. ಒಳಗೆ ಒಂದು ಮಾತು, ಹೊರಗೆ ಒಂದು ಮಾತಾದರೆ ಅನುಮಾನ ಶುರು. ರೂಟ್ ಕೆನಾಲಿನಲ್ಲಿ ಅರ್ಧಕ್ಕೇ ನೋವು ನಿಂತರೆ ಎಷ್ಟೋ ಜನ ಬರುವುದನ್ನೇ ಬಿಡುತ್ತಾರೆ, ತಾತ್ಕಾಲಿಕ ಫಿಲ್ಲಿಂಗ್ ಸವೆದು ಹಲ್ಲು ಮತ್ತೆ ಕೆಡುತ್ತದೆ. ಅಂಥವರಿಗೆ ಇವತ್ತು ಯಾರು ಫೋನ್ ಮಾಡಬೇಕು ಎಂಬುದೂ ಆ ಐದು ನಿಮಿಷದಲ್ಲೇ ತೀರ್ಮಾನ. ರಮ್ಜಾನಿನಲ್ಲಿ ಬಾಜಿ ಇಫ್ತಾರ್ ಮಾಡುವ ಹೊತ್ತಿಗೆ ಮೇಡಂ ದೊಡ್ಡ ಕೆಲಸ ಇಟ್ಟುಕೊಳ್ಳುವುದಿಲ್ಲ, ದೀಪಾವಳಿಗೆ ಆಯಮ್ಮ ರಜೆ ಹಾಕಿದರೆ ಬಾಜಿ ನೆಲ ಒರೆಸುತ್ತಾರೆ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಕಂಡುಹಿಡಿಯಲು ಸರಾಸರಿ ಲಾಭವನ್ನು ವರ್ಷಗಳಿಂದ ಗುಣಿಸುತ್ತೇವೆ. ಆ ಲಾಭ ಎಲ್ಲಿಂದ ಬರುತ್ತದೆ ಎಂದು ಆ ಲೆಕ್ಕ ಹೇಳುವುದಿಲ್ಲ.

ವೈಟ್ನರ್ ಹಚ್ಚಲು ಮೇಡಂ ಬಿಡಲಿಲ್ಲ. ನಮ್ಮ ಲೆಡ್ಜರಿನ ಪದ್ಧತಿಯಂತೆಯೇ 36ರ ಮೇಲೆ ಒಂದು ಗೆರೆ, ಪಕ್ಕದಲ್ಲಿ 26, ಕೆಳಗೆ ನನ್ನ ಸಹಿ. ಆ ಪುಟ ಇನ್ನೂ ಹಾಗೇ ಇದೆ. ಬಾಜಿಯಂತೂ ಈಗ ಮನೆಯಲ್ಲಿ ಹಾಲಿನವನ ಲೆಕ್ಕ ಹೇಳುವಾಗಲೂ ಛಬ್ಬೀಸ್ ಎನ್ನುವುದಿಲ್ಲ, "ದೋ, ಛೇ" ಎನ್ನುತ್ತಾರೆ. ಅಮ್ಮಿಗೆ ಅದೇಕೆಂದು ಇನ್ನೂ ಗೊತ್ತಿಲ್ಲ.